ಕೆನೆತ್ ಫಿಯರಿಂಗ್: ‘ದಿ ಬಿಗ್ ಕ್ಲಾಕ್’ ಬರೆದವನು ಕವಿಯಂತೆ, ನಿಮಗೆ ಗೊತ್ತಿತ್ತಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಒಂದು ಸಣ್ಣ ಇಂಗ್ಲಿಷ್ ಕಾದಂಬರಿ ಸಿಕ್ಕಿತು. ‘ದಿ ಬಿಗ್ ಕ್ಲಾಕ್’. 1946ರದು. ಬರೆದವನು ಕೆನೆತ್ ಫಿಯರಿಂಗ್. ಹೆಸರೇ ಕೇಳಿರಲಿಲ್ಲ. ರಟ್ಟು ಅರ್ಧ ಕಿತ್ತುಹೋಗಿತ್ತು, ನಲವತ್ತು ರೂಪಾಯಿಗೆ ಕೊಟ್ಟರು. ಎರಡು ರಾತ್ರಿ ಪಾಳಿಯಲ್ಲಿ ಮುಗಿಸಿದೆ.

ಓದದವರಿಗೆ ಸ್ವಲ್ಪ ಹೇಳುತ್ತೇನೆ, ಕೊನೆ ಹೇಳುವುದಿಲ್ಲ. ನ್ಯೂಯಾರ್ಕಿನಲ್ಲಿ ಒಂದು ದೊಡ್ಡ ಪತ್ರಿಕಾ ಸಂಸ್ಥೆ. ಮಾಲೀಕ ಅರ್ಲ್ ಜಾನೋತ್. ಅಲ್ಲಿನ ‘ಕ್ರೈಮ್‌ವೇಸ್’ ಎಂಬ ಅಪರಾಧ ಪತ್ರಿಕೆಯ ಸಂಪಾದಕ ಜಾರ್ಜ್ ಸ್ಟ್ರೌಡ್. ಮಾಲೀಕನ ಗೆಳತಿ ಪಾಲಿನ್ ಜೊತೆ ಸ್ಟ್ರೌಡ್‌ಗೆ ಗುಟ್ಟಿನ ಸಂಬಂಧ. ಒಂದು ರಾತ್ರಿ ಅವಳನ್ನು ಮನೆ ಹತ್ತಿರ ಬಿಟ್ಟು ಹೊರಡುವಾಗ ಮಾಲೀಕ ಬರುವುದನ್ನು ನೋಡುತ್ತಾನೆ. ದೂರದಲ್ಲಿ ಯಾರೋ ನಿಂತಿರುವುದು ಮಾಲೀಕನಿಗೂ ಕಾಣುತ್ತದೆ. ಮುಖ ಮಾತ್ರ ಕಾಣುವುದಿಲ್ಲ. ಆ ರಾತ್ರಿ ಪಾಲಿನ್ ಕೊಲೆಯಾಗುತ್ತಾಳೆ. ಕೊಂದವನು ಮಾಲೀಕನೇ, ಅದನ್ನು ಕಾದಂಬರಿ ಬಚ್ಚಿಡುವುದಿಲ್ಲ. ಆಮೇಲೆ ಸ್ಟ್ರೌಡ್‌ಗೆ ಕೆಲಸ ಬರುತ್ತದೆ: ನಿನ್ನ ಇಡೀ ತಂಡವನ್ನು ಹಚ್ಚು, ಆ ರಾತ್ರಿ ಅಲ್ಲಿ ನಿಂತಿದ್ದವನು ಯಾರು ಅಂತ ಪತ್ತೆ ಮಾಡು.

ಅಂದರೆ ಅವನು ತನ್ನನ್ನು ತಾನೇ ಹುಡುಕಬೇಕು. ಚೆನ್ನಾಗಿ ಹುಡುಕಿದರೆ ಸಾಯುತ್ತಾನೆ, ಹುಡುಕದಿದ್ದರೆ ಅನುಮಾನ ಬರುತ್ತದೆ. ನನಗೆ ಮೈ ಬೆವತಿತು.

ಹಿಂದಿನ ಪುಟದಲ್ಲಿ ಲೇಖಕನ ಪರಿಚಯ: ‘ಕವಿ’. ಹುಡುಕಿ ಕವಿತೆ ಓದಿದೆ. ‘ಡರ್ಜ್’ ಅಂತ ಒಂದಿದೆ, ಶೋಕಗೀತೆ. 1935ರ ಸಂಕಲನದ್ದು. ಅದು ತಲೆಯಿಂದ ಹೋಗುತ್ತಲೇ ಇಲ್ಲ. ಇಂಥ ಕವಿತೆ ಬರೆಯುವವನು ಪತ್ತೇದಾರಿ ಯಾಕೆ ಬರೆದ? ಬರೀ ದುಡ್ಡಿಗಾ? ಮುಂದೆ ಏನು ಓದಲಿ? ಗೊತ್ತಿದ್ದವರು ಹೇಳಿ.

ಸಿನಿಮಾಸಕ್ತ:

ಕೆವಿನ್ ಕಾಸ್ಟ್‌ನರ್ ಇರುವ ‘ನೋ ವೇ ಔಟ್’ ಕಥೆ ಅಲ್ವಾ ಇದು?

ಹಳೇಪುಸ್ತಕ:

ಹೌದು, ಅದು ಇದೇ ಕಾದಂಬರಿಯಿಂದ ಬಂದದ್ದು. 1987ರ ಸಿನಿಮಾ. ಅದಕ್ಕಿಂತ ಮುಂಚೆ 1948ರಲ್ಲೇ ಜಾನ್ ಫ್ಯಾರೋ ನಿರ್ದೇಶನದಲ್ಲಿ ಕಾದಂಬರಿಯ ಹೆಸರಿನಲ್ಲೇ ಒಂದು ಬಂದಿತ್ತು. ರೇ ಮಿಲಂಡ್ ಸ್ಟ್ರೌಡ್, ಚಾರ್ಲ್ಸ್ ಲಾಟನ್ ಜಾನೋತ್. ನಡುವೆ 1976ರಲ್ಲಿ ಫ್ರೆಂಚರು ‘ಪೊಲೀಸ್ ಪೈಥಾನ್ 357’ ಅಂತ ತೆಗೆದರು, ಅದರಲ್ಲಿ ಹುಡುಕುವವನು ಪೊಲೀಸ್. ಒಂದೇ ಕಥೆ, ಮೂರು ಸಿನಿಮಾ.

ಸಿನಿಮಾಸಕ್ತ:

ಹಾಗಾದರೆ 87ರದ್ದೇ ಚೆನ್ನಾಗಿದೆ. ಅಮೆರಿಕದ ರಕ್ಷಣಾ ಇಲಾಖೆಯ ಪೆಂಟಗನ್ ಒಳಗೆ ನಡೆಯುವುದರಿಂದ ಅಪಾಯ ದೊಡ್ಡದು. ಪತ್ರಿಕೆ ಆಫೀಸಿನಲ್ಲಿ ಏನು ಮಹಾ?

ಕರಡುತಿದ್ದುವವ:

ಇಲ್ಲ ಸರ್, ಇದನ್ನು ಒಪ್ಪುವುದಿಲ್ಲ. ಪತ್ರಿಕೆ ಆಫೀಸು ತೆಗೆದರೆ ಕಾದಂಬರಿಯ ಜೀವವೇ ಹೋಗುತ್ತದೆ. ಜಾನೋತ್ ಸಂಸ್ಥೆ ಏನೇನು ಪತ್ರಿಕೆ ತರುತ್ತದೆ ನೋಡಿ. ಸುದ್ದಿಗೆ ಒಂದು, ಅಪರಾಧಕ್ಕೆ ಒಂದು, ಮನೆಗೆ ಒಂದು, ಆಟಕ್ಕೆ ಒಂದು, ನಾಳೆಯ ದಿನಕ್ಕೂ ಒಂದು, ‘ಫ್ಯೂಚರ್‌ವೇಸ್’ ಅಂತ. ಜನ ಏನು ಯೋಚಿಸಬೇಕು ಅನ್ನುವುದನ್ನು ವಾರ ವಾರ ಅಚ್ಚು ಹಾಕಿ ಮಾರುವ ಕಾರ್ಖಾನೆ ಅದು. ಹೆನ್ರಿ ಲೂಸ್‌ನ ‘ಟೈಮ್’ ಸಂಸ್ಥೆಯ ನೆರಳು ಅದರ ಮೇಲೆ ಚೆನ್ನಾಗಿಯೇ ಬಿದ್ದಿದೆ. ಅಂಥ ಕಾರ್ಖಾನೆ ತನ್ನ ಶಕ್ತಿಯನ್ನೆಲ್ಲ ಒಬ್ಬ ಸಾಮಾನ್ಯನ ಮೇಲೆ ತಿರುಗಿಸಿದರೆ ಏನಾಗುತ್ತದೆ ಅನ್ನುವುದೇ ಕಥೆ. ಬಂದೂಕು ಹಿಡಿದವರಿಗೆ ಮನುಷ್ಯನನ್ನು ಹುಡುಕುವುದು ಹೊಸದಲ್ಲ. ಇಲ್ಲಿ ಹುಡುಕುವವರು ವರದಿಗಾರರು. ಪೆನ್ನು, ಟೆಲಿಫೋನು, ಬಾರಿನಲ್ಲಿ ಎರಡು ಮಾತು. ಅಷ್ಟರಲ್ಲೇ ಮನುಷ್ಯ ಸಿಕ್ಕಿಬೀಳುತ್ತಾನೆ.

ನನ್ನದೇ ಒಂದು ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಒಂದು ರಾತ್ರಿ ಶ್ರದ್ಧಾಂಜಲಿ ಪುಟದಲ್ಲಿ ಇಬ್ಬರ ಫೋಟೋ ಅದಲು ಬದಲಾಯಿತು. ಬೆಳಿಗ್ಗೆ ಆ ಮನೆಯವರು ಅಳುತ್ತಾ ಬಂದರು. ಸಂಪಾದಕರು ನನ್ನನ್ನೇ ಕರೆದು, ಯಾರು ಮಾಡಿದ್ದು ವಿಚಾರಿಸಿ ಸಂಜೆಯೊಳಗೆ ಬರೆದುಕೊಡಿ ಎಂದರು. ಮಾಡಿದ್ದು ನಾನೇ. ಅಂಟಿಸುವಾಗ ಎರಡು ಪ್ರಿಂಟು ಒಂದರ ಮೇಲೊಂದು ಇಟ್ಟಿದ್ದೆ, ಚೆನ್ನಾಗಿ ನೆನಪಿತ್ತು. ನಾಲ್ಕು ಗಂಟೆ ಹೊತ್ತು ಕಾಗದ ಪೆನ್ನು ಹಿಡಿದು ಪೇಸ್ಟಪ್ ವಿಭಾಗದ ಹುಡುಗರನ್ನು ಒಬ್ಬೊಬ್ಬರನ್ನೇ ಪ್ರಶ್ನೆ ಕೇಳಿದೆ. ಅವರ ಮುಖದಲ್ಲಿದ್ದ ಹೆದರಿಕೆ ಇವತ್ತಿಗೂ ಕಣ್ಣ ಮುಂದಿದೆ. ಸಂಜೆ ಹೋಗಿ ನನ್ನ ಹೆಸರನ್ನೇ ಬರೆದುಕೊಟ್ಟೆ. ಸ್ಟ್ರೌಡ್‌ಗೆ ಹಾಗೆ ಬರೆದುಕೊಡುವ ದಾರಿಯೇ ಇಲ್ಲ. ಅದಕ್ಕೇ ಆ ಪುಸ್ತಕ ನನ್ನನ್ನು ಹಿಡಿದದ್ದು.

ರಾತ್ರಿಪಾಳಿ:

ಸರ್, ಆ ನಾಲ್ಕು ಗಂಟೆ ಓದಿ ನನಗೇ ಹೊಟ್ಟೆಯಲ್ಲಿ ಸಂಕಟವಾಯಿತು. ಬರೆದದ್ದಕ್ಕೆ ಥ್ಯಾಂಕ್ಸ್.

ಓದುಗಿತ್ತಿ_ಧಾರವಾಡ:

ಮೂಲ ಪ್ರಶ್ನೆಗೆ ಬರೋಣ. ನಾನು ಎಂ.ಎ. ಓದುವಾಗ ಮೂವತ್ತರ ದಶಕದ ಅಮೆರಿಕನ್ ಕವಿಗಳ ಹಿಂದೆ ಬಿದ್ದಿದ್ದೆ. ಫಿಯರಿಂಗ್ ಅಂದರೆ ನನಗೆ ಮೊದಲು ಕವಿ, ಕಾದಂಬರಿ ಆಮೇಲೆ.

ಹುಟ್ಟಿದ್ದು 1902ರ ಜುಲೈ 28ರಂದು, ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ. ಹೆಮಿಂಗ್ವೇ ಊರೂ ಅದೇ, ಹೈಸ್ಕೂಲೂ ಅದೇ, ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವನು. ಫಿಯರಿಂಗ್‌ನ ಅಪ್ಪ ವಕೀಲ. ಮಗುವಿಗೆ ಒಂದು ವರ್ಷವಾಗುವಷ್ಟರಲ್ಲಿ ಅಪ್ಪ ಅಮ್ಮ ಬೇರೆಯಾದರು. ಹೆಚ್ಚಾಗಿ ಸಾಕಿದವಳು ಸೋದರತ್ತೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ಸಾಹಿತ್ಯ ಪತ್ರಿಕೆಯ ಸಂಪಾದಕನಾದ. ಅದರಲ್ಲಿ ಹಾಕಿದ ಬರಹಗಳು ದೊಡ್ಡವರಿಗೆ ಹಿಡಿಸದೆ ಆ ಜಾಗ ಬಿಡಬೇಕಾಯಿತು. 1924ರ ಕೊನೆಗೆ ನ್ಯೂಯಾರ್ಕಿಗೆ ಹೋದ. ಅಲ್ಲಿ ಹೊಟ್ಟೆಪಾಡಿಗೆ ಅಗ್ಗದ ಕಾಗದದ ಕಥೆ ಪತ್ರಿಕೆಗಳಿಗೆ ಬರೆದ. ‘ಕರ್ಕ್ ವುಲ್ಫ್’ ಅನ್ನುವ ಸುಳ್ಳು ಹೆಸರೂ ಇತ್ತು.

ಮೊದಲ ಕವನ ಸಂಕಲನ ‘ಏಂಜೆಲ್ ಆರ್ಮ್ಸ್’ ಬಂದದ್ದು 1929ರಲ್ಲಿ. ಮೊದಲ ಕಾದಂಬರಿ ‘ದಿ ಹಾಸ್ಪಿಟಲ್’ 1939ರಲ್ಲಿ. ನಡುವೆ ಹತ್ತು ವರ್ಷ ಅವನು ಕವಿ ಅಂತಲೇ ಹೆಸರಾದವನು. 1936ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು, ಬರಹಗಾರರಿಗೆ, ಕಲಾವಿದರಿಗೆ ಕೊಡುವ ದೊಡ್ಡ ಧನಸಹಾಯ ಅದು. ಹಾಗಾಗಿ ‘ಕವಿ ಪತ್ತೇದಾರಿ ಬರೆದ’ ಅನ್ನುವುದೇ ಸರಿಯಾದ ಕ್ರಮ. ಆದರೆ ‘ಬರೀ ದುಡ್ಡಿಗೆ’ ಅನ್ನುವುದು ಸರಿಯಲ್ಲ. ಆ ಮೊದಲ ಸಂಕಲನದಲ್ಲೇ ರಸ್ತೆಯ ದರೋಡೆಕೋರರಿದ್ದಾರೆ, ಪೊಲೀಸರ ಗುಂಡಿದೆ. ಅಪರಾಧ ಅವನ ಕವಿತೆಯಲ್ಲಿ ಮೊದಲಿನಿಂದಲೂ ಇತ್ತು.

ಪತ್ತೇದಾರಿ_ಪ್ರಿಯ:

ದುಡ್ಡಿಗೆ ಬರೆದರೆ ತಪ್ಪೇನು ಅಂತ ಮೊದಲು ಹೇಳಿ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಮ್ಮ ಎನ್. ನರಸಿಂಹಯ್ಯನವರನ್ನೂ ಹೀಗೇ ಪಕ್ಕಕ್ಕೆ ಸರಿಸಿದರು. ಪತ್ತೇದಾರ ಪುರುಷೋತ್ತಮನ ಪುಸ್ತಕ ಓದಿ ಎಷ್ಟು ಜನ ಓದುವ ಚಟ ಹತ್ತಿಸಿಕೊಂಡರು! ನಮ್ಮಜ್ಜಿ ಅಕ್ಷರ ಕೂಡಿಸಿ ಓದಲು ಕಲಿತಿದ್ದೇ ಆ ಪುಸ್ತಕಗಳಿಂದ. ಆದರೂ ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಸಿಕ್ಕ ಜಾಗ ತೀರಾ ಕಡಿಮೆ.

ತುಂಗಾತೀರ:

ನೂರಕ್ಕೆ ನೂರು ನಿಜ. ಟಿ.ಕೆ. ರಾಮರಾಯರನ್ನೂ ಸೇರಿಸಿ. ‘ಬಂಗಾರದ ಮನುಷ್ಯ’ ಕಾದಂಬರಿ ಬರೆದವರು ಅಂತ ಎಲ್ಲರಿಗೂ ಗೊತ್ತು, ಅವರ ಪತ್ತೇದಾರಿ ಕಾದಂಬರಿಗಳ ಸುದ್ದಿ ಯಾರೂ ಎತ್ತುವುದಿಲ್ಲ.

ಪತ್ತೇದಾರಿ_ಪ್ರಿಯ:

ಸರಿಯಾಗಿ ಹೇಳಿದಿರಿ! ನಮ್ಮೂರ ಲೈಬ್ರರಿಯಲ್ಲಿ ಅವರ ಪುಸ್ತಕಕ್ಕೆ ಸರದಿ ಇರುತ್ತಿತ್ತು.

ನಿರ್ವಾಹಕ:

ಒಳ್ಳೆಯ ವಿಷಯ, ಆದರೆ ಕನ್ನಡ ಪತ್ತೇದಾರಿಗೆ ಬೇರೆ ಎಳೆ ಇದೆ. ಅಲ್ಲಿ ಮುಂದುವರಿಸಿ. ಇಲ್ಲಿ ಫಿಯರಿಂಗ್.

ತುಂಗಾತೀರ:

ಸರಿ. ಹಾಗಾದರೆ ಫಿಯರಿಂಗ್ ವಿಷಯವೇ ಹೇಳುತ್ತೇನೆ. ಅವನ ಗೆಳತಿ ಲ್ಯಾಟಿಮರ್ ಕೂಡ ಲೇಖಕಿ. 1948ರ ಸಿನಿಮಾಕ್ಕೆ ಚಿತ್ರಕಥೆ ಬರೆದವರೂ ಅವರೇ.

ಹಳೇಪುಸ್ತಕ:

ಇಲ್ಲ, ಇಬ್ಬರು ಲ್ಯಾಟಿಮರ್ ಸೇರಿಹೋಗಿದ್ದಾರೆ. ಫಿಯರಿಂಗ್‌ನ ಗೆಳತಿ ಮಾರ್ಜರಿ ಲ್ಯಾಟಿಮರ್, ಒಳ್ಳೆಯ ಕಾದಂಬರಿಗಾರ್ತಿ. ಆಮೇಲೆ ಲೇಖಕ ಜೀನ್ ಟೂಮರ್ ಅವರನ್ನು ಮದುವೆಯಾಗಿ 1932ರಲ್ಲಿ ಹೆರಿಗೆಯಲ್ಲಿ ತೀರಿಕೊಂಡರು. ಚಿತ್ರಕಥೆ ಬರೆದವನು ಜೊನಾಥನ್ ಲ್ಯಾಟಿಮರ್. ಅವನೂ ಪತ್ತೇದಾರಿ ಕಾದಂಬರಿಕಾರ.

ತುಂಗಾತೀರ:

ಓಹ್, ತಿದ್ದಿದ್ದಕ್ಕೆ ಧನ್ಯವಾದ. ಇಷ್ಟು ದಿನ ಒಬ್ಬರೇ ಅಂದುಕೊಂಡಿದ್ದೆ.

ಕೆಂಪುಶಾಯಿ:

ಯಾರೂ ಮುಖ್ಯ ವಿಷಯ ಹೇಳಲಿಲ್ಲ. ಫಿಯರಿಂಗ್ ಕಮ್ಯುನಿಸ್ಟ್ ಪಕ್ಷದ ಸದಸ್ಯ. ಮೂವತ್ತರ ದಶಕದ ಆರ್ಥಿಕ ಕುಸಿತದ ಕವಿ, ಕಾರ್ಮಿಕರ ಕವಿ. 1934ರಲ್ಲಿ ‘ಪಾರ್ಟಿಸನ್ ರಿವ್ಯೂ’ ಎಂಬ ಎಡಪಂಥೀಯ ಸಾಹಿತ್ಯ ಪತ್ರಿಕೆ ಶುರುವಾದಾಗ ಅದರ ಜೊತೆಗಿದ್ದವನು. ಅವನನ್ನು ಸಂಸತ್ತಿನ ಸಮಿತಿ ಕರೆಸಿ ವಿಚಾರಣೆ ಮಾಡಿದ್ದೂ ಅದಕ್ಕೇ. ಈ ಬದಿ ಬಿಟ್ಟು ಬರೀ ಕೊಲೆ ಕಥೆ ಅಂತ ಓದಿದರೆ ಅವನಿಗೆ ಅನ್ಯಾಯ.

ಓದುಗಿತ್ತಿ_ಧಾರವಾಡ:

ಅರ್ಧ ಸರಿ. ‘ಪಾರ್ಟಿಸನ್ ರಿವ್ಯೂ’ ಮಾತು ನಿಜ. ಆದರೆ ಅವನನ್ನು ಕರೆಸಿದ್ದು ಸಮಿತಿ ಅಲ್ಲ, ವಾಷಿಂಗ್ಟನ್ನಿನ ಸರ್ಕಾರಿ ವಕೀಲರ ಕಚೇರಿ. 1950ರಲ್ಲಿ. ನೀನು ಕಮ್ಯುನಿಸ್ಟ್ ಪಕ್ಷದ ಸದಸ್ಯನಾ ಅಂತ ಕೇಳಿದ್ದಕ್ಕೆ ‘ಇನ್ನೂ ಇಲ್ಲ’ ಅಂದನಂತೆ. ಆ ಕಾಲ ಎಂಥದ್ದು ಅಂತ ನಿಮಗೇ ಗೊತ್ತು. ಒಂದು ತಪ್ಪು ಉತ್ತರಕ್ಕೆ ಎಷ್ಟೋ ಜನರ ಕೆಲಸ ಹೋಯಿತು. ಅಲ್ಲಿ ಕೂತು ಹಾಗೆ ಹೇಳಲು ಎದೆ ಬೇಕು.

ಅವನ ಕವಿತೆ ಪಕ್ಷದ ಕವಿತೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಬಾವುಟ ಇಲ್ಲ, ಮೆರವಣಿಗೆ ಇಲ್ಲ, ‘ಏಳಿ ಎದ್ದೇಳಿ’ ಇಲ್ಲ. ಇರುವುದು ಬಾಡಿಗೆ ಕಟ್ಟಲಾಗದವನು, ರೇಡಿಯೋ ಜಾಹೀರಾತು, ಗಿರವಿ ಅಂಗಡಿ. ಒಂದು ಸಂಕಲನದ ಹೆಸರೇ ‘ಆಫ್ಟರ್‌ನೂನ್ ಆಫ್ ಎ ಪಾನ್‌ಬ್ರೋಕರ್’, 1943. ಗಿರವಿ ಅಂಗಡಿಯವನ ಮಧ್ಯಾಹ್ನ!

ಕೆಂಪುಶಾಯಿ:

ಸಮಿತಿ ಅಂದದ್ದು ನನ್ನ ತಪ್ಪು, ಸದಸ್ಯತ್ವದ ಮಾತೂ ವಾಪಸ್. ಆದರೆ ಗಿರವಿ ಅಂಗಡಿಯ ಬಗ್ಗೆ ಬರೆಯುವುದೇ ರಾಜಕೀಯ ಅಲ್ವಾ ಮೇಡಂ? ಬಾವುಟ ಹಿಡಿಯಲೇಬೇಕು ಅಂತ ಏನಿದೆ?

ಓದುಗಿತ್ತಿ_ಧಾರವಾಡ:

ಅದನ್ನು ಒಪ್ಪುತ್ತೇನೆ.

ನ್ಯೂಜೆರ್ಸಿ_ಕನ್ನಡತಿ:

ಫಿಯರಿಂಗ್‌ನ ಮುಖ ನೋಡಬೇಕಿದ್ದರೆ ಆಲಿಸ್ ನೀಲ್ ಬಿಡಿಸಿದ ಚಿತ್ರ ಹುಡುಕಿ. 1935ರದು. ಈಗ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಬಳಿ ಇದೆ. ಒಮ್ಮೆ ಅಲ್ಲಿ ನೋಡಿದ್ದೆ, ಆಗ ಈತ ಯಾರು ಅಂತ ಗೊತ್ತಿರಲಿಲ್ಲ. ಮಕ್ಕಳು ಎಳೆದುಕೊಂಡು ಹೋಗುವವರೆಗೂ ಅದರ ಮುಂದೆ ನಿಂತಿದ್ದೆ.

ದೊಡ್ಡ ತಲೆ, ದುಂಡು ಕನ್ನಡಕ, ರಾತ್ರಿಯ ಬೀದಿ. ಹಿಂದೆ ಕಂಬಗಳ ಮೇಲೆ ಓಡುವ ರೈಲು. ಸುತ್ತಲೂ ಪುಟ್ಟ ಪುಟ್ಟ ಜನ, ಇವನ ಕವಿತೆಯಿಂದಲೇ ಎದ್ದು ಬಂದವರ ಹಾಗೆ. ಕೆಳಗೆ ಒಂದು ಮಗು, ಆ ವರ್ಷವೇ ಅವನಿಗೆ ಮಗ ಹುಟ್ಟಿದ್ದ. ಎದೆಯ ಜಾಗದಲ್ಲಿ ಒಂದು ಸಣ್ಣ ಅಸ್ಥಿಪಂಜರ ಕೂತು ಅವನ ಹೃದಯ ಹಿಂಡುತ್ತಿದೆ, ರಕ್ತ ಸುರಿಯುತ್ತಿದೆ. ಲೋಕದ ನೋವಿಗೆ ಇವನ ಎದೆ ಹಾಗೆ ಸುರಿಯುತ್ತಿತ್ತು ಅನ್ನುವುದು ನೀಲ್ ಅವರ ಭಾವ.

ಈ ಎಳೆ ಓದುವಾಗ ಒಂದು ಹೊಳೆಯಿತು. ಕಾದಂಬರಿಯಲ್ಲೂ ಒಬ್ಬ ಚಿತ್ರಕಾರಳು ಬರುತ್ತಾಳಂತಲ್ಲ, ಅವಳು ಯಾರು?

ರಾತ್ರಿಪಾಳಿ:

ಲೂಯಿಸ್ ಪ್ಯಾಟರ್ಸನ್. ಅಯ್ಯೋ, ಅವಳನ್ನು ಹೇಳದೆ ಬಿಟ್ಟೆನಲ್ಲ. ಪುಸ್ತಕದಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವಳು ಅವಳೇ. ಕೊಲೆಗೆ ಮುಂಚೆ ಸ್ಟ್ರೌಡ್ ಮತ್ತು ಪಾಲಿನ್ ಥರ್ಡ್ ಅವೆನ್ಯೂನ ಒಂದು ಹಳೇ ಸಾಮಾನಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಧೂಳು ಹಿಡಿದ ಒಂದು ಚಿತ್ರ. ಎರಡು ಕೈ, ಒಂದು ಕೊಡುತ್ತಿದೆ, ಒಂದು ಪಡೆಯುತ್ತಿದೆ, ನಡುವೆ ಒಂದು ನಾಣ್ಯ. ಅಷ್ಟೇ. ಸ್ಟ್ರೌಡ್ ಅದನ್ನು ಕೊಳ್ಳುತ್ತಾನೆ. ಅದೇ ಅಂಗಡಿಯಲ್ಲಿ ಇನ್ನೊಬ್ಬ ಹೆಂಗಸೂ ಅದಕ್ಕೆ ಬೆಲೆ ಕೂಗಿರುತ್ತಾಳೆ. ಬರೆದವಳೇ ಅವಳು! ತನ್ನ ಚಿತ್ರವನ್ನೇ ವಾಪಸ್ ಕೊಳ್ಳಲು ಬಂದಿರುತ್ತಾಳೆ.

ಸ್ಟ್ರೌಡ್ ಆ ಚಿತ್ರಕ್ಕೆ ಯೂದನ ಪ್ರಲೋಭನೆ ಅಂತ ಹೆಸರಿಡುತ್ತಾನೆ. ಅವಳಿಟ್ಟ ಹೆಸರು ಬೇರೆ, ‘ಮೂಲಭೂತಗಳ ಅಭ್ಯಾಸ’ ಅನ್ನಬಹುದು. ಅವಳಿಗೆ ಅದು ಎರಡು ಕೈಯ ಚಿತ್ರ. ಇವನಿಗೆ ದ್ರೋಹದ ಚಿತ್ರ. ಆಮೇಲೆ ಇವನನ್ನು ಗುರುತಿಸಬಲ್ಲವರಲ್ಲಿ ಅವಳೂ ಒಬ್ಬಳು, ಇವನ ಆಫೀಸಿನ ಗೋಡೆಯ ಮೇಲೆ ಅವಳದೇ ಇನ್ನೊಂದು ಚಿತ್ರ.

ನ್ಯೂಜೆರ್ಸಿ_ಕನ್ನಡತಿ:

ಆ ಕೈಗಳನ್ನು ಓದಿದರೆ ಚಿತ್ರ ಬರೆಯುವವರ ನಡುವೆ ಕೂತು ಬೆಳೆದ ಕಣ್ಣು ಕಾಣುತ್ತದೆ. ಅವನ ಎರಡನೇ ಹೆಂಡತಿ ನ್ಯಾನ್ ಲೂರಿ ಕೂಡ ಚಿತ್ರಕಾರಳು.

ಹಳೇಪುಸ್ತಕ:

ಕಾದಂಬರಿಯ ಕಟ್ಟಡದ ಬಗ್ಗೆಯೂ ಹೇಳಬೇಕು. ಏಳು ಜನ ಕಥೆ ಹೇಳುತ್ತಾರೆ. ಸ್ಟ್ರೌಡ್, ಅವನ ಹೆಂಡತಿ ಜಾರ್ಜೆಟ್, ಜಾನೋತ್, ಅವನ ಬಲಗೈ ಬಂಟ ಹೇಗನ್, ಇಬ್ಬರು ವರದಿಗಾರರು, ಪ್ಯಾಟರ್ಸನ್. ಒಬ್ಬೊಬ್ಬರ ಬಾಯಿಯೂ ಬೇರೆ. ಪ್ಯಾಟರ್ಸನ್ ಬಂದಾಗ ಭಾಷೆಯೇ ದಡಬಡ ಓಡುತ್ತದೆ. ಇದು ಕವಿಯ ಕಿವಿ ಇಲ್ಲದೆ ಆಗುವ ಕೆಲಸ ಅಲ್ಲ.

ಮುಂದೆ ಏನು ಓದಲಿ ಅಂತ ಕೇಳಿದ್ದಿರಿ. ‘ಡ್ಯಾಗರ್ ಆಫ್ ದ ಮೈಂಡ್’, 1941. ಕಲಾವಿದರ ವಸತಿಯೊಂದರಲ್ಲಿ ಕೊಲೆ. ರೇಮಂಡ್ ಚಾಂಡ್ಲರ್ ತನ್ನ 1944ರ ಹೆಸರಾಂತ ಪ್ರಬಂಧದಲ್ಲಿ ಇದನ್ನು ಹೆಸರಿಸಿದ್ದಾನೆ. ‘ಕ್ಲಾರ್ಕ್ ಗಿಫರ್ಡ್ಸ್ ಬಾಡಿ’, 1942. ಕೆಲವರು ರೇಡಿಯೋ ಕೇಂದ್ರ ಹಿಡಿಯುತ್ತಾರೆ. ಕಥೆ ತುಂಡು ತುಂಡಾಗಿ, ವರ್ಷಗಳು ಹಿಂದೆ ಮುಂದೆ. ಕಷ್ಟದ ಪುಸ್ತಕ, ನನಗೆ ಎರಡು ಸಲ ಬೇಕಾಯಿತು. ‘ಲೋನ್‌ಲಿಯೆಸ್ಟ್ ಗರ್ಲ್ ಇನ್ ದ ವರ್ಲ್ಡ್’, 1951. ಧ್ವನಿ ಮುದ್ರಿಸಿಟ್ಟ ದೊಡ್ಡ ಭಂಡಾರ, ಅದರ ನಡುವೆ ಒಬ್ಬ ಹುಡುಗಿ. ಪತ್ರಿಕೆ, ರೇಡಿಯೋ, ಮುದ್ರಿತ ಧ್ವನಿ. ಒಂದು ಪುಸ್ತಕಕ್ಕೆ ಒಂದು ಯಂತ್ರ ಇಟ್ಟುಕೊಂಡು ಬರೆದ ಹಾಗಿದೆ.

ಪತ್ತೇದಾರಿ_ಪ್ರಿಯ:

‘ಬಿಗ್ ಕ್ಲಾಕ್’ ಅಷ್ಟು ಓಡಿತು, ಮೂರು ಸಿನಿಮಾ ಆಯಿತು. ಆಮೇಲಾದರೂ ನೆಮ್ಮದಿಯಿಂದ ಇದ್ದನಾ?

ಓದುಗಿತ್ತಿ_ಧಾರವಾಡ:

ಇಲ್ಲ. ಮರುಮುದ್ರಣ, ಸಿನಿಮಾ ಹಕ್ಕು ಎಲ್ಲ ಸೇರಿ ಸುಮಾರು 60 ಸಾವಿರ ಡಾಲರ್ ಬಂತು. ಆ ಕಾಲಕ್ಕೆ ಬಹಳ ದೊಡ್ಡ ದುಡ್ಡು. ಆದರೆ ನಿಲ್ಲಲಿಲ್ಲ. ಕುಡಿತ ಜಾಸ್ತಿ ಇತ್ತು. ಮುಂದಿನ ಕಾದಂಬರಿಗಳು ಅಷ್ಟು ಓಡಲಿಲ್ಲ. ಎರಡನೇ ಮದುವೆಯೂ ಐವತ್ತರ ದಶಕದಲ್ಲಿ ಮುರಿಯಿತು.

1954ರಲ್ಲಿ ‘ದಿ ಜೆನೆರಸ್ ಹಾರ್ಟ್’ ಬರೆದ, ದಾನದ ಹೆಸರಿನಲ್ಲಿ ಚಂದಾ ಎತ್ತುವ ದಂಧೆಯ ಕಥೆ. ಮರುವರ್ಷ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯು ಸವೆಯುವ ಕಾಯಿಲೆಯ ರೋಗಿಗಳಿಗಾಗಿ ದುಡ್ಡು ಕೂಡಿಸುವ ಸಂಘದಲ್ಲಿ ಪ್ರಚಾರದ ಬರಹಗಾರನಾಗಿ ಸೇರಿದ. 1955ರಿಂದ 58ರವರೆಗೆ ಅಲ್ಲೇ. ಐವತ್ತು ದಾಟಿದ ಮೇಲೆ ದಿನಾ ಬೆಳಿಗ್ಗೆ ಆಫೀಸಿಗೆ. ಹಗಲು ಮಲಗಿ ರಾತ್ರಿ ಬರೆದು ಬಾಳಿದ ಮನುಷ್ಯ.

1961ರ ಜೂನ್ 26ರಂದು ಕ್ಯಾನ್ಸರಿನಿಂದ ನ್ಯೂಯಾರ್ಕಿನಲ್ಲಿ ತೀರಿಕೊಂಡ. 58 ವರ್ಷ. ಪೂರ್ತಿ ಕವಿತೆಗಳು ಒಂದೇ ಪುಸ್ತಕವಾಗಿ ಬಂದದ್ದು 1994ರಲ್ಲಿ. ಸತ್ತು 33 ವರ್ಷದ ಮೇಲೆ. ನನಗೆ ಇದು ಇವತ್ತಿಗೂ ಬೇಜಾರು.

ಸಿನಿಮಾಸಕ್ತ:

ನಿನ್ನೆ ರಾತ್ರಿ 1948ರ ಸಿನಿಮಾ ನೋಡಿದೆ. ಲಾಟನ್ ಅದ್ಭುತ, ಮೀಸೆ ಮೇಲೆ ಬೆರಳಾಡಿಸುವುದರಲ್ಲೇ ಭಯ ಹುಟ್ಟಿಸುತ್ತಾನೆ. ಕಟ್ಟಡದೊಳಗೆ ಆ ದೈತ್ಯ ಗಡಿಯಾರ, ನಾಯಕ ಅದರೊಳಗೇ ಬಚ್ಚಿಟ್ಟುಕೊಳ್ಳುತ್ತಾನೆ! ಕಾದಂಬರಿಯಲ್ಲೂ ಅದು ಹಾಗೇ ಇದೆಯಾ? ಪತ್ರಿಕೆ ಆಫೀಸಿನ ಬಗ್ಗೆ ಮೊದಲು ಹೇಳಿದ ಮಾತು ತಪ್ಪಾಯಿತು ಅನ್ನಿಸುತ್ತಿದೆ.

ರಾತ್ರಿಪಾಳಿ:

ಇಲ್ಲ, ಕಾದಂಬರಿಯಲ್ಲಿ ಅಂಥ ಗಡಿಯಾರ ಎಲ್ಲೂ ಇಲ್ಲ. ಅದು ಸ್ಟ್ರೌಡ್‌ನ ತಲೆಯಲ್ಲಿ ಮಾತ್ರ. ಎಲ್ಲವನ್ನೂ ನಡೆಸುವ ಒಂದು ದೊಡ್ಡ ಗಡಿಯಾರ, ಯಾರೂ ಅದನ್ನು ನಿಲ್ಲಿಸಲಾರರು, ಮಾಲೀಕನೂ ಅದರ ಹಲ್ಲಿಗೆ ಸಿಕ್ಕವನೇ.

ಹೀಗೆ ಬರೆಯುವಾಗಲೇ ಒಂದು ಕಂಡಿತು. ‘ಡರ್ಜ್’ ಕವಿತೆಯಲ್ಲಿ ಒಂದು ಸಾಲಿದೆ. ಒಬ್ಬ ಮನುಷ್ಯ, ಹೆಸರಿಲ್ಲ. ಗ್ಯಾಸ್ ಕಡಿದುಹಾಕುತ್ತಾರೆ, ಬ್ಯಾಂಕು ಮನೆ ಹಿಡಿಯುತ್ತದೆ, ಬಾಡಿಗೆ ಕೇಳಲು ಮನೆ ಮಾಲೀಕ ಬರುತ್ತಾನೆ, ರೇಡಿಯೋ ಕೆಡುತ್ತದೆ. ಆಮೇಲೆ ಹನ್ನೆರಡು ಗಂಟೆ ಒಂದು ಸಲ ಜಾಸ್ತಿ ಬಾರಿಸಿತು ಅನ್ನುವ ಅರ್ಥದ ಮಾತು. ಕವಿತೆ ಮುಗಿಯುವುದೂ ಗಂಟೆಯ ಸದ್ದಿನಿಂದಲೇ. ಅಂದರೆ ಗಡಿಯಾರ 1935ರಲ್ಲೇ ಬಡಿಯುತ್ತಿತ್ತು! ಹನ್ನೊಂದು ವರ್ಷ ಅದನ್ನು ಕಿವಿಯಲ್ಲಿಟ್ಟುಕೊಂಡು ತಿರುಗಿದ್ದಾನೆ. ಕವಿ ಒಬ್ಬ, ಪತ್ತೇದಾರಿಯವನು ಇನ್ನೊಬ್ಬ ಅಂತ ನಾನು ಕೇಳಿದ ಪ್ರಶ್ನೆಯೇ ಬಿದ್ದುಹೋಯಿತು.

ಓದುಗಿತ್ತಿ_ಧಾರವಾಡ:

ಇಷ್ಟು ವರ್ಷ ಓದಿದರೂ ಆ ಎರಡನ್ನು ನಾನು ಜೋಡಿಸಿರಲಿಲ್ಲ. ತುಂಬಾ ಖುಷಿಯಾಯಿತು. ಆ ಕವಿತೆ ಕನ್ನಡಕ್ಕೆ ತರುತ್ತೀರಾ?

ರಾತ್ರಿಪಾಳಿ:

ಮೂರು ವಾರದಿಂದ ಅದೇ ಒದ್ದಾಟ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಅವನು 1-2-3ಕ್ಕೆ ದುಡ್ಡು ಕಟ್ಟುತ್ತಾನೆ, ಬರುವುದು 3-2-1. ಇದು ನ್ಯೂಯಾರ್ಕಿನ ಬೀದಿಯ ನಂಬರ್ ಜೂಜು. ‘ಲಾಟರಿ’ ಅಂದರೆ ಸಪ್ಪೆ. ‘ಮಟ್ಕಾ’ ಅನ್ನಲಾ?

ತುಂಗಾತೀರ:

ಮಟ್ಕಾ ಸರಿ. ನಮ್ಮ ಕಡೆ ‘ಓಸಿ’ ಅಂತಲೂ ಅಂತಾರೆ, ‘ಓಸಿ ನಂಬರ್ ಹೊಡೆಯಿತಾ’ ಅಂತ. ಆದರೆ ಮಟ್ಕಾ ಎಲ್ಲರಿಗೂ ಗೊತ್ತು.

ರಾತ್ರಿಪಾಳಿ:

ಮುಂದಿನದು ‘ಕಾರ್ಬೈಡ್’. 30ಕ್ಕೆ ಕೊಂಡ ಷೇರು 29ಕ್ಕೆ ಇಳಿಯಿತು ಅಂತ ಅಷ್ಟೇ. ಯೂನಿಯನ್ ಕಾರ್ಬೈಡ್.

ಕೆಂಪುಶಾಯಿ:

ಅದನ್ನು ಹಾಗೇ ಬಿಡಿ. ದಯವಿಟ್ಟು ಬದಲಿಸಬೇಡಿ. ಅವನಿಗೆ ಅದು ಪೇಪರಿನ ಷೇರು ಪಟ್ಟಿಯಲ್ಲಿ ಬರುವ ಒಂದು ಹೆಸರು. ನಮಗೆ 1984ರ ಡಿಸೆಂಬರ್, ಭೋಪಾಲ್. ಕವಿತೆಯಲ್ಲಿ ಅದಿಲ್ಲ, ಇರಲೂ ಸಾಧ್ಯವಿಲ್ಲ. ಆದರೆ ಕನ್ನಡದಲ್ಲಿ ಓದುವವನು ಆ ಪದ ಬಂದಾಗ ಒಂದು ಕ್ಷಣ ನಿಲ್ಲುತ್ತಾನೆ. ನಿಲ್ಲಲಿ.

ಕರಡುತಿದ್ದುವವ:

ಟಿಪ್ಪಣಿಯನ್ನೂ ಹಾಕಬೇಡಿ. ಸುಮ್ನೆ ‘ಕಾರ್ಬೈಡ್’ ಸಾಕು.

ರಾತ್ರಿಪಾಳಿ:

ಸರಿ. ಅಸಲಿ ಕಷ್ಟ ಸದ್ದಿನ ಪದಗಳು. ಕಾಮಿಕ್ಸ್‌ನಲ್ಲಿ ಏಟು ಬಿದ್ದಾಗ ಬರೆಯುತ್ತಾರಲ್ಲ, ‘ಬ್ಯಾಮ್’, ‘ಝೌಯಿ’, ಅಂಥವು. ಆ ಸದ್ದುಗಳಲ್ಲೇ ಒಂದು ಇಡೀ ಬಾಳು ಹೇಳಿಬಿಡುತ್ತಾನೆ. ಆಫೀಸಿಗೆ ಹೋದದ್ದು ಒಂದು ಸದ್ದು, ಮದುವೆ ಒಂದು ಸದ್ದು, ಮಕ್ಕಳು ಒಂದು, ಕೆಲಸ ಹೋದದ್ದು ಒಂದು. ನಾನು ‘ಸರ್ರನೆ ಆಫೀಸಿಗೆ, ಧೊಪ್ಪನೆ ಮನೆಗೆ, ದಿಢೀರನೆ ಮದುವೆ’ ಅಂತ ಬರೆದೆ. ಓದಿದರೆ ಮಕ್ಕಳ ಪದ್ಯದ ಹಾಗಾಯಿತು.

ಓದುಗಿತ್ತಿ_ಧಾರವಾಡ:

ಆ ‘ನೆ’ ತೆಗೆಯಿರಿ. ‘ಧೊಪ್ಪನೆ’ ಅಂದಾಗ ಸದ್ದು ಕ್ರಿಯೆಗೆ ಒರಗಿಕೊಳ್ಳುತ್ತದೆ, ಹೇಗೆ ಬಿದ್ದ ಅಂತ ಹೇಳುವ ಪದವಾಗುತ್ತದೆ. ಅವನಲ್ಲಿ ಸದ್ದು ಯಾರಿಗೂ ಒರಗುವುದಿಲ್ಲ, ಹೊರಗಿನಿಂದ ಬಂದು ಹೊಡೆಯುತ್ತದೆ. ‘ಧಡ್, ಆಫೀಸು. ಧೊಪ್, ಮನೆ, ನಿದ್ದೆ. ಫಟ್, ಮದುವೆ. ಢಂ, ಮಕ್ಕಳು. ಉಫ್, ಕೆಲಸ ಹೋಯಿತು.’ ಹೀಗೆ ನೋಡಿ.

ರಾತ್ರಿಪಾಳಿ:

ಮೇಡಂ! ಇದೇ! ‘ಉಫ್’ ಅಂತೂ ಹೊಟ್ಟೆಗೆ ಗುದ್ದಿದ ಹಾಗಿದೆ.

ಪತ್ತೇದಾರಿ_ಪ್ರಿಯ:

ಈಗ ನನಗೂ ಆ ಕವಿತೆ ಬೇಕು ಅನ್ನಿಸುತ್ತಿದೆ. ಕವಿತೆ ಓದಿ ಹದಿನೈದು ವರ್ಷವಾಗಿತ್ತು.

ರಾತ್ರಿಪಾಳಿ:

ಇನ್ನೊಂದು. ಕೊನೆಯಲ್ಲಿ ಅವನು ಸತ್ತಾಗ ಯಾರು ಅತ್ತರು ಅಂತ ಬರುತ್ತದೆ. ಒಂದು ಸಂಜೆ ಪತ್ರಿಕೆಯ ಪ್ರಸರಣ ವಿಭಾಗ, ಮತ್ತೆ ಬಿ.ಎಂ.ಟಿ. ಅದು ಆಗಿನ ನ್ಯೂಯಾರ್ಕಿನ ಸಬ್‌ವೇ ಕಂಪನಿ. ಹೆಂಡತಿ ಇಲ್ಲ, ಗೆಳೆಯರಿಲ್ಲ. ದಿನಾ ಪೇಪರ್ ಕೊಳ್ಳುತ್ತಿದ್ದವನು ಒಬ್ಬ ಕಡಿಮೆ, ದಿನಾ ಟಿಕೆಟ್ ಕೊಳ್ಳುತ್ತಿದ್ದವನು ಒಬ್ಬ ಕಡಿಮೆ.

ಸಿನಿಮಾಸಕ್ತ:

ಬಿ.ಎಂ.ಟಿ.ಗೆ ಒಂದು ಸಿ ಸೇರಿಸಿ, ಬಿ.ಎಂ.ಟಿ.ಸಿ. ಆಗುತ್ತದೆ. ಬೆಂಗಳೂರಿನವರಿಗೆ ಟಿಪ್ಪಣಿಯೇ ಬೇಡ!

ಹಳೇಪುಸ್ತಕ:

ಬೇಡ. ಅವನು ನ್ಯೂಯಾರ್ಕಿನವನು, ಅಲ್ಲೇ ಸಾಯಲಿ. ಇಡೀ ಕವಿತೆಯನ್ನು ಬೆಂಗಳೂರಿಗೆ ತಂದರೆ ಆಗಿನ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ನನ್ನು ಏನು ಮಾಡುತ್ತೀರಿ? ಅವನ ಹೆಸರೂ ಆ ಕೊನೆಯಲ್ಲಿದೆ.

ತುಂಗಾತೀರ:

ಮಟ್ಕಾ ಆಗಬಹುದು, ಬಿ.ಎಂ.ಟಿ.ಸಿ. ಆಗಬಾರದಾ? ಇದು ಯಾವ ನ್ಯಾಯ?

ಹಳೇಪುಸ್ತಕ:

ಮಟ್ಕಾ ಒಂದು ಬಗೆಯ ಜೂಜು, ಎಲ್ಲಿ ಬೇಕಾದರೂ ಇರಬಹುದು. ಬಿ.ಎಂ.ಟಿ.ಸಿ. ಒಂದೇ ಊರಿನದು. ಆ ಹೆಸರು ಬಂದ ಕೂಡಲೇ ಓದುವವನ ಮುಂದೆ ನೀಲಿ ಬಸ್ಸು ಬಂದು ನಿಲ್ಲುತ್ತದೆ.

ನ್ಯೂಜೆರ್ಸಿ_ಕನ್ನಡತಿ:

ಬಿ.ಎಂ.ಟಿ. ಅಂತಲೇ ಇರಲಿ. ಇಲ್ಲಿ ಹಳೇ ನ್ಯೂಯಾರ್ಕಿನವರು ಈಗಲೂ ಕೆಲವು ಲೈನುಗಳನ್ನು ಆ ಹೆಸರಿನಿಂದಲೇ ಕರೆಯುತ್ತಾರೆ.

ರಾತ್ರಿಪಾಳಿ:

ಬಿ.ಎಂ.ಟಿ.ಯೇ ಇರಲಿ ಹಾಗಾದರೆ. ಕೊನೆ ಸಾಲು ಮಾತ್ರ ಉಳಿಯಿತು. ಗಂಟೆ ಬಡಿಯುತ್ತದೆ, ನಡುನಡುವೆ ‘ಮಿಸ್ಟರ್’ ಅಂತ ಬರುತ್ತದೆ, ಮುಂದೆ ಹೆಸರೇ ಇಲ್ಲ. ‘ಢಣ್, ಸ್ವಾಮಿ, ಢಣ್, ಸ್ವಾಮಿ’ ಅಂತ ಹಾಕಿದ್ದೇನೆ. ಸರಿಯಾ?

ಕರಡುತಿದ್ದುವವ:

‘ಸ್ವಾಮಿ’ ಅಂದರೆ ಎದುರಿಗೆ ನಿಂತವನನ್ನು ಕರೆದ ಹಾಗೆ. ಇವನು ಸತ್ತಿದ್ದಾನೆ. ‘ಶ್ರೀ’ ಅಂತ ಹಾಕಿ ನೋಡಿ. ಶ್ರದ್ಧಾಂಜಲಿ ಪುಟದಲ್ಲಿ ನಾವು ಮೊದಲು ‘ಶ್ರೀ’ ಅಂತ ಕೂರಿಸಿ, ಮುಂದೆ ಹೆಸರಿಗೆ ಜಾಗ ಬಿಡುತ್ತಿದ್ದೆವು. ಇವನಿಗೆ ಆ ಜಾಗ ಖಾಲಿಯೇ ಉಳಿಯಿತು.

ಓದುಗಿತ್ತಿ_ಧಾರವಾಡ:

‘ಶ್ರೀ’ ಗಂಟೆಯ ಜೊತೆ ಬಂದರೆ ಪೂಜೆಯ ಹಾಗೆ ಕೇಳಿಸುತ್ತದೆಯಲ್ಲ? ಅದೊಂದು ಅಂಜಿಕೆ ನನಗೆ. ‘ಸ್ವಾಮಿ’ ಬೀದಿಯಲ್ಲಿ ಹೆಸರು ಗೊತ್ತಿಲ್ಲದವರನ್ನು ಕರೆಯುವ ಮಾತು. ಇವನ ಹೆಸರೂ ಯಾರಿಗೂ ಗೊತ್ತಿಲ್ಲ.

ರಾತ್ರಿಪಾಳಿ:

ಇಬ್ಬರದ್ದೂ ಬರೆದು, ಪಾಳಿ ಮುಗಿದ ಮೇಲೆ ಬಸ್ ಸ್ಟಾಪಿನಲ್ಲಿ ಗಟ್ಟಿಯಾಗಿ ಓದಿದೆ. ‘ಶ್ರೀ’ ಕಾಗದದ ಮೇಲೆ ಚೆನ್ನಾಗಿದೆ, ಬಾಯಲ್ಲಿ ದೇವಸ್ಥಾನವಾಗುತ್ತದೆ. ‘ಸ್ವಾಮಿ’ ಅಂದಾಗ ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಅದನ್ನೇ ಇಡುತ್ತೇನೆ.

ಢಣ್, ಸ್ವಾಮಿ, ಢಣ್, ಸ್ವಾಮಿ, ಢಣ್, ಸ್ವಾಮಿ, ಢಣ್.